ಇಂಗಾಲದ ಸರಪಣಿಯೂ ಅದರ ಕವಲುಗಳೂ

ಒಂದು ವಸ್ತುವಿನಲ್ಲಿ ಯಾವ ಯಾವ ಧಾತುಗಳಿವೆ, ಅವು ಯಾವ ಪ್ರಮಾಣದಲ್ಲಿ ಕೂಡಿವೆ ಎಂಬುದನ್ನು ನಿಷ್ಕರ್ಷಿಸಿದರೆ ಆ ವಸ್ತುವಿನ ಸ್ವರೂಪವೆಲ್ಲ ತಿಳಿದಂತೆಯೇ ಸರಿ ಎಂಬ ಭಾವನೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಸಾಯನ ವಿಜ್ಞಾನಿಗಳಲ್ಲಿ ಬಲವಾಗಿತ್ತು. ಜರ್ಮನಿಯ ಲೀಬಿಗ್ ಮತ್ತು ವೋಲರ್ ಎಂಬ ಇಬ್ಬರು ತರುಣರ ಕೆಲಸದಿಂದ ೧೮೨೦ರ ದಶಕದಲ್ಲಿ ಈ ಭಾವನೆಗೆ ಪೆಟ್ಟು ಬಿದ್ದಿತು. ಲೀಬಿಗನು ವಿಶ್ಲೇಷಿಸಿದ ಬೆಳ್ಳಿಯ ಫಲ್ಮಿನೇಟು ತುಸು ತಾಗಿದರೂ ಸಿಡಿಯುವ ವಸ್ತು; ವೋಲರನು ವಿಶ್ಲೇಷಿಸಿದ ಬೆಳ್ಳಿಯ ಸಯನೇಟಿಗೆ ಆ ಸ್ವಭಾವವಿಲ್ಲ. ಆದರೂ ಎರಡರಲ್ಲಿಯೂ ಬೆಳ್ಳಿ, ಇಂಗಾಲ, ಸಾರಜನಕ, ಆಮ್ಲಜನಕಗಳು ಒಂದೇ ಪ್ರಮಾಣದಲ್ಲಿದ್ದುವು. ಧಾತುಗಳು ಅವೇ, ಪ್ರಮಾಣವೂ ಅದೇ, ಭೇದವಿದ್ದುದು ಜೋಡಣೆಯಲ್ಲಿ. ೧೮೩೦ರಲ್ಲಿ ಸ್ವೀಡನ್ನಿನ ಬರ್ಜೀಲಿಯಸನು ಇಂಥ ವಸ್ತುಗಳಿಗೆ ಒಂದು ಪ್ರತ್ಯೇಕವಾದ ಹೆಸರನ್ನು ಕೊಟ್ಟನು. ಅವನ್ನೇ ನಾವು ಕನ್ನಡದಲ್ಲಿ ಸಮಾಂಗಿಗಳೆಂದು ಕರೆಯುತ್ತೇವೆ.

ಈ ತತ್ತ್ವವು ಅತ್ಯಂತ ಸರಳವಾಗಿಯೂ ಅತ್ಯಂತ ಸಮೃದ್ಧವಾಗಿಯೂ ಕಂಡುಬರುವುದು ಇಂಗಾಲ ಮತ್ತು ಜಲಜನಕ ಎಂಬ ಎರಡೇ ಧಾತುಗಳಿಂದಾದ ಹೈಡ್ರೊಕಾರ್ಬನ್ನುಗಳಲ್ಲಿ. ಅಡಿಗೆಯ ಅನಿಲ, ಪೆಟ್ರೋಲು, ಮೇಣ, ನೀರು ತುಂಬುವ ಪ್ಲಾಸ್ಟಿಕ್ ಕೊಡ, ಸಹಜ ರಬ್ಬರು, ಇವೆಲ್ಲ ಮುಖ್ಯವಾಗಿ ಈ ಎರಡು ಧಾತುಗಳ ರಚನೆಗಳೇ. ಸರಪಣಿಯ ಆಕಾರವೊಂದೇ ಇವುಗಳ ಗುಣದಲ್ಲಿ ಎಂಥ ಅಂತರವನ್ನು ತರಬಲ್ಲುದು ಎಂಬುದನ್ನು ವಿವರಿಸುವುದು, ಆ ಆಕಾರವನ್ನು ತಿದ್ದುವ ದಾರಿ ಇನ್ನೂ ಸಿದ್ಧವಾಗದಿದ್ದ ಕಾಲದಲ್ಲಿ ಹಿಡಿದ ಸುಲಭಮಾರ್ಗಕ್ಕೆ ಜಗತ್ತು ಎಷ್ಟು ಬೆಲೆ ತೆರಬೇಕಾಯಿತು ಎಂಬುದನ್ನು ತೋರಿಸುವುದು, ಇವೆರಡೂ ಈ ಲೇಖನದ ಉದ್ದೇಶ.

ಸರಪಣಿಯ ಸ್ವರೂಪ

ಇಂಗಾಲದ ಪರಮಾಣುವಿಗೆ ನಾಲ್ಕು ಬಂಧಗಳನ್ನು ಏರ್ಪಡಿಸಿಕೊಳ್ಳುವ ಶಕ್ತಿಯಿದೆಯೆಂದೂ ಈ ಪರಮಾಣುಗಳು ಒಂದಕ್ಕೊಂದು ಕೂಡಿ ಸರಪಣಿಯಾಗಬಲ್ಲುವೆಂದೂ ೧೮೫೮ರಲ್ಲಿ ಕೆಕುಲೆ ಮತ್ತು ಕೂಪರ್ ಬೇರೆ ಬೇರೆಯಾಗಿ ಪ್ರತಿಪಾದಿಸಿದರು. ಈ ನಾಲ್ಕು ಬಂಧಗಳು ಚತುರ್ಮುಖಿಯೊಂದರ ನಾಲ್ಕು ಮೂಲೆಗಳ ಕಡೆಗೆ ಚಾಚಿರುತ್ತವೆಂಬುದನ್ನು ೧೮೭೪ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಸೂಚಿಸಿದರು. ಆದುದರಿಂದ ನಾವು ಹಲಗೆಯ ಮೇಲೆ ನೇರವಾದ ಗೆರೆಯಂತೆ ಬರೆಯುವ ಸರಪಣಿಯು ವಾಸ್ತವವಾಗಿ ಅಂಕುಡೊಂಕಾಗಿ ಸಾಗುವಂಥದು. ಇದನ್ನು ವಿದ್ಯಾರ್ಥಿಗಳು ಮೊದಲೇ ಮನಗಾಣುವುದು ಒಳ್ಳೆಯದು.

ಒಂದು, ಎರಡು, ಮೂರು ಇಂಗಾಲಗಳುಳ್ಳ ಮೀಥೇನ್, ಈಥೇನ್, ಪ್ರೊಪೇನ್‌ಗಳನ್ನು ಒಂದೊಂದು ರೀತಿಯಲ್ಲಿ ಮಾತ್ರ ಜೋಡಿಸಲು ಸಾಧ್ಯ. ನಾಲ್ಕನೆಯ ಇಂಗಾಲ ಬಂದೊಡನೆ ಆಯ್ಕೆ ಹುಟ್ಟುತ್ತದೆ: ಅದು ಸರಪಣಿಯ ತುದಿಯಲ್ಲಿ ಸೇರಬಹುದು, ಇಲ್ಲವೆ ನಡುವಿನಿಂದ ಕವಲಾಗಿ ಹೊರಡಬಹುದು. ಹೀಗೆ ಬ್ಯೂಟೇನಿಗೆ ಎರಡು ಸಮಾಂಗಿಗಳು, ಪೆಂಟೇನಿಗೆ ಮೂರು, ಹೆಕ್ಸೇನಿಗೆ ಐದು, ಹೆಪ್ಟೇನಿಗೆ ಒಂಬತ್ತು, ಆಕ್ಟೇನಿಗೆ ಹದಿನೆಂಟು, ಡೆಕೇನಿಗೆ ಎಪ್ಪತ್ತೈದು. ಇಪ್ಪತ್ತು ಇಂಗಾಲಗಳ ಪ್ಯಾರಫಿನ್ನಿಗೆ ಈ ಸಂಖ್ಯೆ ೩,೬೬,೩೧೯ಕ್ಕೆ ಏರುತ್ತದೆ.

ಪೆಂಟೇನಿನ ಮೂರು ಸಮಾಂಗಿಗಳನ್ನು ಹೋಲಿಸಿ ನೋಡೋಣ. ಕವಲಿಲ್ಲದ ಪೆಂಟೇನ್ ಸುಮಾರು ೩೬ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಒಂದು ಕವಲುಳ್ಳದ್ದು ಸುಮಾರು ೨೮ ಡಿಗ್ರಿಯಲ್ಲಿ. ಎರಡು ಕವಲುಗಳಿದ್ದು ಗುಂಡಾಗಿ ಮುದುಡಿಕೊಂಡ ನಿಯೊಪೆಂಟೇನ್ ೯.೫ ಡಿಗ್ರಿಯಲ್ಲಿ. ಮೂರರ ಅಣುತೂಕವೂ ಒಂದೇ. ಇಂಥ ಅಣುಗಳನ್ನು ದ್ರವದಲ್ಲಿ ಹಿಡಿದಿಟ್ಟಿರುವುದು ಅವುಗಳ ಮೇಲ್ಮೈಗಳ ನಡುವಣ ದುರ್ಬಲವಾದ ಆಕರ್ಷಣೆ. ನೀಳವಾದ ಅಣುಗಳು ಉದ್ದಕ್ಕೂ ಒಂದರ ಪಕ್ಕದಲ್ಲೊಂದು ಒರಗಬಲ್ಲುವು. ಗುಂಡಾದ ಅಣುಗಳು ತಾಗುವುದು ಅಲ್ಪಸ್ವಲ್ಪ ಸ್ಥಳದಲ್ಲಿ ಮಾತ್ರ. ನೆಟ್ಟಗಿರುವ ಸೌದೆಯನ್ನು ಒತ್ತಾಗಿ ಹೊರೆಕಟ್ಟಬಹುದು. ಕವಲೊಡೆದ ಕೊಂಬೆಗಳ ಹೊರೆಯಲ್ಲಿ ಸಂದುಗಳೇ ಹೆಚ್ಚು. ಈ ಹೋಲಿಕೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಪಾಲಿಮರುಗಳ ವಿಚಾರದಲ್ಲಿ ಇದು ಮತ್ತೆ ನೆರವಿಗೆ ಬರುತ್ತದೆ.

ಎಂಜಿನಿನೊಳಗಣ ಬಡಿತ

೧೮೫೯ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡ್ರೇಕನು ಎಣ್ಣೆಬಾವಿಯನ್ನು ಕೊರೆದಾಗ ಜನರಿಗೆ ಬೇಕಾಗಿದ್ದುದು ದೀಪದ ಸೀಮೆಎಣ್ಣೆ. ಕಲ್ಲೆಣ್ಣೆಯನ್ನು ಭಟ್ಟಿಯಿಳಿಸುವಾಗ ಮೊದಲು ಬರುವ, ಸುಮಾರು ಐದರಿಂದ ಹನ್ನೆರಡು ಇಂಗಾಲಗಳುಳ್ಳ ಹಗುರವಾದ ಭಾಗಕ್ಕೆ ಆಗ ಬೆಲೆಯಿರಲಿಲ್ಲ. ೧೮೭೬ರಲ್ಲಿ ಆಟೊ ನಿರ್ಮಿಸಿದ ನಾಲ್ಕು ಹೊಡೆತದ ಎಂಜಿನೂ ಅದರ ಬೆನ್ನಿಗೆ ಬಂದ ಮೋಟಾರುಗಾಡಿಗಳೂ ಈ ಭಾಗಕ್ಕೆ, ಎಂದರೆ ಪೆಟ್ರೋಲಿಗೆ, ಪ್ರಾಧಾನ್ಯವನ್ನು ತಂದುಕೊಟ್ಟುವು.

ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಹೆಚ್ಚು ಹೆಚ್ಚು ಅದುಮಿ ಉರಿಸಿದಷ್ಟೂ ಎಂಜಿನಿನ ದಕ್ಷತೆ ಹೆಚ್ಚುತ್ತದೆ. ಆದರೆ ಅದುಮಿದಾಗ ಮಿಶ್ರಣ ಬಿಸಿಯಾಗುತ್ತದೆ. ಕಿಡಿಯಿಂದ ಹೊರಟ ಜ್ವಾಲೆ ಸಿಲಿಂಡರಿನ ಕೊನೆಯನ್ನು ಮುಟ್ಟುವ ಮೊದಲೇ ಅಲ್ಲಿ ಉಳಿದಿರುವ ಮಿಶ್ರಣ ತಾನಾಗಿಯೇ ಹೊತ್ತಿಕೊಂಡರೆ ಲೋಹಕ್ಕೆ ಸುತ್ತಿಗೆಯಿಂದ ಹೊಡೆದಂಥ ಶಬ್ದ ಕೇಳಿಬರುತ್ತದೆ. ಇದೇ ಬಡಿತ. ಇದರಿಂದ ಶಕ್ತಿ ನಷ್ಟವಾಗುವುದಲ್ಲದೆ ಎಂಜಿನೂ ಕೆಡುತ್ತದೆ.

ಯಾವ ಹೈಡ್ರೊಕಾರ್ಬನ್ ಎಷ್ಟು ಬಡಿಯುತ್ತದೆ ಎಂಬುದನ್ನು ಅಳೆಯಲು ೧೯೨೦ರ ದಶಕದ ಉತ್ತರಾರ್ಧದಲ್ಲಿ ಗ್ರಹಾಂ ಎಡ್ಗರ್ ಎಂಬ ವಿಜ್ಞಾನಿ ಒಂದು ಮಾಪಕವನ್ನು ರೂಪಿಸಿದನು. ಬಹಳವಾಗಿ ಬಡಿಯುವ, ಕವಲಿಲ್ಲದ ಹೆಪ್ಟೇನಿಗೆ ಸೊನ್ನೆ. ಬಡಿತವನ್ನು ಚೆನ್ನಾಗಿ ತಡೆಯುವ, ಮೂರು ಕವಲುಗಳುಳ್ಳ ಐಸೊಆಕ್ಟೇನಿಗೆ ನೂರು. ಪರೀಕ್ಷಿಸಬೇಕಾದ ಪೆಟ್ರೋಲು ಈ ಎರಡರ ಯಾವ ಮಿಶ್ರಣದಂತೆ ವರ್ತಿಸುವುದೋ ಆ ಮಿಶ್ರಣದಲ್ಲಿರುವ ಐಸೊಆಕ್ಟೇನಿನ ಶೇಕಡಾ ಪ್ರಮಾಣವೇ ಅದರ ಆಕ್ಟೇನ್ ಸಂಖ್ಯೆ. ಪೆಟ್ರೋಲಿನಲ್ಲಿ ಎಷ್ಟು ಆಕ್ಟೇನ್ ಇದೆಯೆಂಬುದನ್ನು ಈ ಸಂಖ್ಯೆ ತಿಳಿಸುತ್ತದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು, ಅದು ಸರಿಯಲ್ಲ. ಕವಲಿಲ್ಲದ ಆಕ್ಟೇನನ್ನೇ ಈ ಮಾಪಕದಲ್ಲಿ ಅಳೆದರೆ ಅದರ ಸಂಖ್ಯೆ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ! ಅಣುಸೂತ್ರ ಒಂದೇ ಆಗಿರುವ ಎರಡು ವಸ್ತುಗಳಲ್ಲಿ ಒಂದು ಮಾಪಕದ ಶಿಖರದಲ್ಲಿದೆ, ಇನ್ನೊಂದು ಅದರ ತಳಕ್ಕೂ ಕೆಳಗಿದೆ.

ಇದಕ್ಕೆ ಕಾರಣವೇನು? ಬಿಸಿಯಾದ ಮಿಶ್ರಣದಲ್ಲಿ ಮೊದಲು ಇಂಗಾಲದಿಂದ ಜಲಜನಕದ ಒಂದು ಪರಮಾಣು ಕಿತ್ತುಹೋಗಿ ಮುಕ್ತ ರ‍್ಯಾಡಿಕಲ್ ಉಂಟಾಗುತ್ತದೆ. ಅದರೊಡನೆ ಆಮ್ಲಜನಕದ ಅಣು ಸೇರುತ್ತದೆ. ಹೀಗಾದ ಪೆರಾಕ್ಸಿ ರ‍್ಯಾಡಿಕಲ್ ತನ್ನದೇ ಸರಪಣಿಯ ಕಡೆಗೆ ಬಾಗಿ ಇನ್ನೊಂದು ಜಲಜನಕವನ್ನು ಸೆಳೆದುಕೊಳ್ಳುತ್ತದೆ. ಮುಂದೆ ಒಂದು ರ‍್ಯಾಡಿಕಲ್ ಹಲವಾಗಿ ಕ್ರಿಯೆ ಭುಗಿಲೇಳುತ್ತದೆ. ಎಲ್ಲ ಜಲಜನಕಗಳೂ ಸಮಾನವಾಗಿ ಸುಲಭವಾಗಿ ಕಿತ್ತುಬರುವುದಿಲ್ಲ. ಸರಪಣಿಯ ತುದಿಯ ಇಂಗಾಲದಿಂದ ಜಲಜನಕವನ್ನು ಕೀಳಲು ಮೋಲಿಗೆ ಸುಮಾರು ೪೨೩ ಕಿಲೊಜೂಲುಗಳು ಬೇಕು. ನಡುವಣ ಇಂಗಾಲದಿಂದ ಕೀಳಲು ಸುಮಾರು ೪೧೩ ಸಾಕು. ಕವಲಿಲ್ಲದ ಆಕ್ಟೇನಿನ ಹದಿನೆಂಟು ಜಲಜನಕಗಳಲ್ಲಿ ತುದಿಯವು ಆರು, ನಡುವಿನವು ಹನ್ನೆರಡು. ಐಸೊಆಕ್ಟೇನಿನಲ್ಲಿಯಾದರೋ ತುದಿಯವು ಹದಿನೈದು, ನಡುವಿನವು ಎರಡು, ಕವಲಿನ ಬುಡದ್ದು ಒಂದು. ಬುಡದ ಜಲಜನಕದ ಬಂಧ ಇನ್ನೂ ಸಡಿಲವಾದುದು ನಿಜ. ಆದರೆ ಅಂಥದು ಒಂದೇ ಒಂದಿದೆ. ಪೆರಾಕ್ಸಿ ರ‍್ಯಾಡಿಕಲ್ ಬಾಗಿದಾಗ ಅದಕ್ಕೆ ಎಟುಕುವವು ಬಹುಮಟ್ಟಿಗೆ ಗಟ್ಟಿಯಾಗಿ ಹಿಡಿದಿರುವ ತುದಿಯ ಜಲಜನಕಗಳೇ. ಆದುದರಿಂದ ಕ್ರಿಯೆ ನಿಧಾನಗೊಂಡು ಜ್ವಾಲೆ ಬಂದು ಮುಟ್ಟುವವರೆಗೆ ಮಿಶ್ರಣ ಕಾದಿರುತ್ತದೆ.

ಸೀಸದ ಮಾರ್ಗ

ಬಡಿತವನ್ನು ತಗ್ಗಿಸಲು ಎರಡು ದಾರಿಗಳುಂಟು. ಸರಪಣಿಗಳ ಆಕಾರವನ್ನೇ ತಿದ್ದುವುದು ಒಂದು. ಹೊರಗಿನಿಂದ ಬೇರೊಂದು ವಸ್ತುವನ್ನು ಬೆರಸುವುದು ಇನ್ನೊಂದು. ಆಕಾರದ ಮಹತ್ತ್ವ ಇನ್ನೂ ಸ್ಪಷ್ಟವಾಗದಿದ್ದ ಕಾಲದಲ್ಲಿ, ೧೯೨೧ರ ಡಿಸೆಂಬರ್ ೯ರಂದು, ಅಮೆರಿಕದ ಥಾಮಸ್ ಮಿಡ್ಜ್‌ಲೆ ಎಂಬಾತನು ಟೆಟ್ರಈಥೈಲ್ ಸೀಸವನ್ನು ಅತ್ಯಲ್ಪವಾಗಿ ಬೆರಸಿದರೆ ಬಡಿತ ನಿಲ್ಲುತ್ತದೆಂಬುದನ್ನು ಕಂಡುಕೊಂಡನು. ಎಂಜಿನಿನ ಶಾಖದಲ್ಲಿ ಈ ವಸ್ತು ಒಡೆದು ಸೀಸದ ಆಕ್ಸೈಡಿನ ಸೂಕ್ಷ್ಮಕಣಗಳಾಗುತ್ತದೆ. ಅವು ರ‍್ಯಾಡಿಕಲ್ಲುಗಳನ್ನು ಹಿಡಿದು ಕ್ರಿಯೆಯನ್ನು ತಡೆಯುತ್ತವೆ. ಸೀಸ ಎಂಜಿನಿನಲ್ಲೇ ಕಟ್ಟಿಕೊಳ್ಳದಂತೆ ಈಥಿಲೀನ್ ಡೈಬ್ರೋಮೈಡನ್ನೂ ಬೆರಸುತ್ತಿದ್ದರು. ಅದರಿಂದ ಸೀಸವು ಬ್ರೋಮೈಡಾಗಿ ಹೊಗೆಯೊಡನೆ ಹೊರಹೋಗುತ್ತಿತ್ತು. ಎಂಜಿನು ಶುದ್ಧವಾಗುತ್ತಿತ್ತು, ಗಾಳಿಯ ಗತಿಯೇನೆಂದು ವಿಚಾರಿಸಿದವರು ಕಡಮೆ.

ಸೀಸ ವಿಷವೆಂಬುದು ಪ್ರಾಚೀನ ಕಾಲದಿಂದಲೂ ತಿಳಿದಿದ್ದ ವಿಷಯ. ೧೯೨೪ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯಲ್ಲಿ ಈ ವಸ್ತುವನ್ನು ತಯಾರಿಸುತ್ತಿದ್ದ ಐದು ಮಂದಿ ಕೆಲಸಗಾರರು ಬುದ್ಧಿಭ್ರಮೆಗೊಳಗಾಗಿ ಸತ್ತರು. ಆಲ್ಕೊಹಾಲನ್ನು ಬೆರಸಿದರೂ ಬಡಿತ ತಗ್ಗುತ್ತದೆಂಬುದು ಆಗಲೇ ಗೊತ್ತಿತ್ತು. ಆದರೆ ಅದನ್ನು ಹೆಚ್ಚು ಪ್ರಮಾಣದಲ್ಲಿ ಬೆರಸಬೇಕು, ಸೀಸವಾದರೆ ಚಿಟಿಕೆಯಷ್ಟು ಸಾಕು. ಅಗ್ಗವಾದುದು ಗೆದ್ದಿತು. ಐದು ಮಂದಿಯ ಸಾವು ಕೆಲವು ಕಾಲದ ಮಟ್ಟಿಗೆ ಮಾರಾಟವನ್ನು ನಿಲ್ಲಿಸಿತೇ ವಿನಾ ಬಳಕೆಯನ್ನು ಕೊನೆಗಾಣಿಸಲಿಲ್ಲ.

ಈ ಸೀಸದ ವ್ಯಾಪ್ತಿ ಬೆಳಕಿಗೆ ಬಂದುದು ಬೇರೊಂದು ಶಾಸ್ತ್ರದ ಕೆಲಸದಿಂದ. ಉಲ್ಕಾಶಿಲೆಗಳಲ್ಲಿರುವ ಸೀಸದ ಸಮಸ್ಥಾನಿಗಳನ್ನು ಅಳೆದು ಭೂಮಿಯ ವಯಸ್ಸು ಸುಮಾರು ೪೫೫ ಕೋಟಿ ವರ್ಷಗಳೆಂದು ೧೯೫೬ರಲ್ಲಿ ಪ್ರಕಟಿಸಿದ ಕ್ಲೇರ್ ಪ್ಯಾಟರ್ಸನ್ನನಿಗೆ, ಅಳತೆ ಮಾಡುವ ಕೋಣೆಯ ಗಾಳಿ, ನೀರು, ಪಾತ್ರೆಗಳಲ್ಲೆಲ್ಲ ಹೊರಗಿನ ಸೀಸವೇ ಅಡ್ಡಿಯಾಗುತ್ತಿತ್ತು. ಮಾನವನ ದೇಹದಲ್ಲಿರುವ ಸೀಸ ಸಹಜವಾದುದಲ್ಲ, ನಾವೇ ಹರಡಿದುದು ಎಂದು ಅವನು ೧೯೬೫ರಲ್ಲಿ ಎಚ್ಚರಿಸಿದನು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸವು ಅಲ್ಪ ಪ್ರಮಾಣದಲ್ಲಿಯೂ ಹಾನಿಕರವೆಂಬುದು ಮುಂದಿನ ಸಂಶೋಧನೆಗಳಿಂದ ದೃಢಪಟ್ಟಿತು. ಭಾರತದಲ್ಲಿ ೧೯೯೫ರಲ್ಲಿ ನಾಲ್ಕು ಮಹಾನಗರಗಳಿಂದ ಆರಂಭಿಸಿ ೨೦೦೦ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಜಾರಿಗೆ ಬಂದಿತು. ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲನ್ನು ಮಾರುತ್ತಿದ್ದ ಕಟ್ಟಕಡೆಯ ದೇಶವಾದ ಆಲ್ಜೀರಿಯದಲ್ಲಿ ಅದು ನಿಂತುದು ೨೦೨೧ರಲ್ಲಿ. ಒಂದು ಚಿಟಿಕೆಯ ಉಪಾಯವನ್ನು ಹಿಂದಕ್ಕೆ ಪಡೆಯಲು ಸರಿಯಾಗಿ ನೂರು ವರ್ಷಗಳು ಹಿಡಿದುವು. ಕೊಂತದ ಎಂಜಿನುಳ್ಳ ಚಿಕ್ಕ ವಿಮಾನಗಳ ಇಂಧನದಲ್ಲಿ ಅದು ಇನ್ನೂ ಪೂರ್ತಿಯಾಗಿ ತೊಲಗಿಲ್ಲ.

ರಚನೆಯ ಮಾರ್ಗ

ಸರಪಣಿಯ ಆಕಾರವನ್ನು ತಿದ್ದುವ ವಿದ್ಯೆಯೂ ಈ ಅವಧಿಯಲ್ಲೇ ಬೆಳೆಯಿತು. ೧೯೩೦ರ ದಶಕದಲ್ಲಿ ಇಪಾಟಿಯೆಫ್ ಮತ್ತು ಪೈನ್ಸ್ ಎಂಬವರು ಪ್ರಬಲವಾದ ಆಮ್ಲಗಳ ನೆರವಿನಿಂದ ಐಸೊಬ್ಯೂಟೇನನ್ನು ಬ್ಯೂಟಿಲೀನಿನಂಥ ಅನಿಲಗಳೊಡನೆ ಕೂಡಿಸಿ ಕವಲುಳ್ಳ ದೊಡ್ಡ ಸರಪಣಿಗಳನ್ನು ಪಡೆಯುವ ವಿಧಾನವನ್ನು ತೋರಿಸಿದರು. ಅದೇ ದಶಕದಲ್ಲಿ ಹೂಡ್ರಿಯು ಕ್ರಿಯಾವರ್ಧಕಗಳ ಮೇಲೆ ಭಾರವಾದ ಎಣ್ಣೆಗಳನ್ನು ಹಾಯಿಸಿ ಒಡೆಯುವ ಕ್ರಮವನ್ನು ಕೈಗಾರಿಕೆಗೆ ತಂದನು. ಈ ಕ್ರಿಯೆಗಳಲ್ಲಿ ಧನವಿದ್ಯುದಂಶವುಳ್ಳ ಇಂಗಾಲ ತಲೆದೋರುತ್ತದೆ. ಅಂಥ ಇಂಗಾಲಕ್ಕೆ ಹೆಚ್ಚು ಇಂಗಾಲಗಳು ಅಂಟಿಕೊಂಡಷ್ಟೂ ಅದು ಸ್ಥಿರ. ಆದುದರಿಂದ ಸರಪಣಿ ತನ್ನನ್ನು ತಾನೇ ಮರುಜೋಡಿಸಿಕೊಂಡು ಕವಲೊಡೆಯುವ ಕಡೆಗೆ ವಾಲುತ್ತದೆ. ೧೯೪೯ರಲ್ಲಿ ಹೆನ್ಸೆಲನ ಪ್ಲಾಟಿನಮ್ ಕ್ರಿಯಾವರ್ಧಕದ ವಿಧಾನ ಬಳಕೆಗೆ ಬಂದಮೇಲೆ ಸರಪಣಿಗಳನ್ನು ಉಂಗುರಗಳನ್ನಾಗಿ ಮಾಡಿ ಬೆಂಜೀನ್, ಟಾಲೀನ್ ಮೊದಲಾದುವನ್ನು ಪಡೆಯುವುದೂ ಸುಲಭವಾಯಿತು. ಇವುಗಳ ಆಕ್ಟೇನ್ ಸಂಖ್ಯೆ ಉನ್ನತವಾದುದು.

ಈ ಮಾರ್ಗವೂ ಸಂಪೂರ್ಣ ನಿರಪಾಯಕರವೆಂದು ಹೇಳಲಾಗುವುದಿಲ್ಲ. ಬೆಂಜೀನ್ ಏಡಿಗಂತಿಯನ್ನು ಉಂಟುಮಾಡುವ ವಸ್ತು. ಆದುದರಿಂದಲೇ ಪೆಟ್ರೋಲಿನಲ್ಲಿ ಅದು ಶೇಕಡಾ ಒಂದನ್ನು ಮೀರಬಾರದೆಂಬ ನಿಯಮವಿದೆ. ಹಿಂದೆ ಬದಿಗೊತ್ತಲ್ಪಟ್ಟಿದ್ದ ಆಲ್ಕೊಹಾಲು ಈಗ ಮರಳಿ ಬಂದು ಭಾರತದ ಪೆಟ್ರೋಲಿನಲ್ಲಿ ಶೇಕಡಾ ಇಪ್ಪತ್ತರ ಮಟ್ಟವನ್ನು ಮುಟ್ಟಿದೆ. ಇದರ ಆಕ್ಟೇನ್ ಸಂಖ್ಯೆ ಹೆಚ್ಚು. ಲೀಟರಿಗೆ ದೊರೆಯುವ ಶಾಖ ಮಾತ್ರ ಕಡಮೆ. ಕಬ್ಬು ಬೆಳೆಯುವ ನಮ್ಮ ಕರ್ನಾಟಕದಂಥ ನಾಡಿನಲ್ಲಿ ಇದಕ್ಕೆ ತಗಲುವ ನೆಲ ನೀರುಗಳ ಲೆಕ್ಕವನ್ನೂ ಹಾಕಬೇಕಾಗುತ್ತದೆ. ಆದರೂ ಒಂದು ಭೇದವನ್ನು ಗಮನಿಸಬೇಕು. ಸೀಸ ಎಲ್ಲಿಯೂ ಕರಗಿಹೋಗದೆ ಮಣ್ಣಿನಲ್ಲಿಯೂ ಮೂಳೆಯಲ್ಲಿಯೂ ಉಳಿಯುವ ಧಾತು. ಕವಲಾದರೋ ಸರಪಣಿಯೊಡನೆಯೇ ಉರಿದುಹೋಗುವ ಗುಣ.

ದೀರ್ಘ ಸರಪಣಿಗಳು

ಇಂಗಾಲದ ಸರಪಣಿಗೆ ಎಂಟೋ ಹತ್ತೋ ಕೊಂಡಿಗಳೆಂಬ ಮಿತಿಯೇನೂ ಇಲ್ಲ. ರಬ್ಬರು ಮೊದಲಾದುವು ಸಾವಿರಾರು ಪರಮಾಣುಗಳು ಸಹಜಬಂಧಗಳಿಂದಲೇ ಕೂಡಿದ ಬೃಹದಣುಗಳೆಂದು ೧೯೨೦ರಲ್ಲಿ ಸ್ಟೌಡಿಂಜರ್ ವಾದಿಸಿದಾಗ ಹಲವರು ಒಪ್ಪಲಿಲ್ಲ. ೧೯೩೩ರ ಮಾರ್ಚಿನಲ್ಲಿ ಇಂಗ್ಲೆಂಡಿನ ಗಿಬ್ಸನ್ ಮತ್ತು ಫಾಸೆಟ್ ಎಂಬವರು ಈಥಿಲೀನನ್ನು ಬೆಂಜಾಲ್ಡಿಹೈಡಿನೊಡನೆ ೧೭೦ ಡಿಗ್ರಿ ಶಾಖದಲ್ಲಿ ಸುಮಾರು ೨,೦೦೦ ವಾಯುಭಾರದ ಒತ್ತಡಕ್ಕೆ ಒಳಪಡಿಸಿದಾಗ ಪಾತ್ರೆಯಲ್ಲಿ ಬಿಳಿಯ ಮೇಣದಂಥ ವಸ್ತು ಸ್ವಲ್ಪ ಕಂಡಿತು. ೧೯೩೫ರಲ್ಲಿ ಪೆರಿನ್ನನು ಅದನ್ನು ಮರಳಿ ಪಡೆದಾಗ, ಆಕಸ್ಮಿಕವಾಗಿ ಸೇರಿದ ಲೇಶಮಾತ್ರ ಆಮ್ಲಜನಕವೇ ಕ್ರಿಯೆಯನ್ನು ಆರಂಭಿಸಿತೆಂದು ತಿಳಿದುಬಂದಿತು. ಇದೇ ಪಾಲಿಈಥಿಲೀನ್. ೧೯೩೯ರಿಂದ ಕಾರ್ಖಾನೆಯಲ್ಲಿ ತಯಾರಾದ ಈ ವಸ್ತು ಮಹಾಯುದ್ಧದಲ್ಲಿ ರೇಡಾರ್ ತಂತಿಗಳ ಹೊದಿಕೆಯಾಗಿ ಬಳಕೆಗೆ ಬಂದಿತು.

ಈ ವಿಧಾನದಲ್ಲಿ ಬೆಳೆಯುವ ಸರಪಣಿಯ ತುದಿ ಆಗಾಗ ಹಿಂದಕ್ಕೆ ಬಾಗಿ ತನ್ನದೇ ಜಲಜನಕವನ್ನು ಸೆಳೆಯುತ್ತದೆ. ಆ ಸ್ಥಳದಿಂದ ಬೆಳವಣಿಗೆ ಮುಂದುವರಿದು ಕವಲು ಹುಟ್ಟುತ್ತದೆ. ಎಂಜಿನಿನಲ್ಲಿ ಕಂಡ ಕ್ರಿಯೆಗೆ ಇದು ಸಮೀಪದ ಬಂಧು. ೧೯೫೩ರಲ್ಲಿ ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕಾರ್ಲ್ ಜೀಗ್ಲರನ ಬಳಗದವರಿಗೆ, ಸರಪಣಿಯ ಬೆಳವಣಿಗೆಯನ್ನು ನಿಕ್ಕಲ್ಲಿನ ಲೇಶವು ತಡೆಯುತ್ತಿದೆಯೆಂಬುದು ಗೊತ್ತಾಯಿತು. ಉಳಿದ ಲೋಹಗಳು ಏನು ಮಾಡುವುವೆಂದು ಒಂದೊಂದನ್ನೇ ಪರೀಕ್ಷಿಸುತ್ತ ಹೋದಾಗ, ಟೈಟೇನಿಯಮ್ ಕ್ಲೋರೈಡ್ ಮತ್ತು ಅಲ್ಯುಮಿನಿಯಮಿನ ಸಾವಯವ ಸಂಯುಕ್ತಗಳ ಕೂಟವು ಸಾಧಾರಣ ಒತ್ತಡದಲ್ಲಿಯೇ ಈಥಿಲೀನನ್ನು ಬಹುಮಟ್ಟಿಗೆ ಕವಲಿಲ್ಲದ ಸರಪಣಿಯಾಗಿ ಜೋಡಿಸಿತು.

ಈಗ ಸೌದೆಯ ಹೊರೆಯನ್ನು ನೆನೆಯೋಣ. ಕವಲಿಲ್ಲದ ಸರಪಣಿಗಳು ಒತ್ತಾಗಿ ಸೇರಿ ಸ್ಫಟಿಕಗಳಾಗುತ್ತವೆ. ಈ ಪಾಲಿಈಥಿಲೀನಿನ ಸಾಂದ್ರತೆ ಸುಮಾರು ೦.೯೫, ಅದು ಗಟ್ಟಿ, ೧೩೦ ಡಿಗ್ರಿಯ ಆಸುಪಾಸಿನವರೆಗೆ ಕರಗದು. ಕವಲುಳ್ಳದ್ದರ ಸಾಂದ್ರತೆ ಸುಮಾರು ೦.೯೨, ಅದು ಮೆದು, ೧೧೦ರ ಸುಮಾರಿಗೇ ಕರಗುತ್ತದೆ. ಒಂದರಿಂದ ಕೊಡ, ಬಕೆಟ್ಟುಗಳಾಗುತ್ತವೆ. ಇನ್ನೊಂದರಿಂದ ಹಾಲಿನ ಪೊಟ್ಟಣದಂಥ ತೆಳುಹಾಳೆಗಳು. ೧೯೫೪ರಲ್ಲಿ ಮಿಲಾನಿನ ನಟ್ಟಾ ಇದೇ ಬಗೆಯ ಕ್ರಿಯಾವರ್ಧಕದಿಂದ, ಮೀಥೈಲ್ ಗುಂಪುಗಳೆಲ್ಲ ಒಂದೇ ಕ್ರಮದಲ್ಲಿ ನಿಂತ ಪಾಲಿಪ್ರೊಪಿಲೀನನ್ನು ಪಡೆದನು. ಗುಂಪುಗಳು ಕ್ರಮಗೆಟ್ಟು ನಿಂತರೆ ಅದೇ ವಸ್ತು ಅಂಟಂಟಾದ ಮುದ್ದೆ. ಇವರಿಬ್ಬರಿಗೂ ೧೯೬೩ರ ನೊಬೆಲ್ ಪಾರಿತೋಷಕ ದೊರೆಯಿತು. ರಬ್ಬರು ಮರದ ಹಾಲು ಮತ್ತು ಮಲಯದ ಗಟಾಪರ್ಚ, ಎರಡೂ ಐಸೊಪ್ರೀನಿನ ಪಾಲಿಮರುಗಳೇ. ರಬ್ಬರಿನಲ್ಲಿ ಸರಪಣಿಯು ಪ್ರತಿಯೊಂದು ದ್ವಿಬಂಧದ ಒಂದೇ ಪಕ್ಕಕ್ಕೆ ಬಾಗಿ ಒತ್ತಾಗಿ ಸೇರಲಾರದೆ ಸ್ಥಿತಿಸ್ಥಾಪಕವಾಗಿದೆ. ಗಟಾಪರ್ಚದಲ್ಲಿ ಎದುರು ಪಕ್ಕಗಳಿಗೆ ಚಾಚಿ ನೀಳವಾಗಿರುವುದರಿಂದ ಅದು ಗಟ್ಟಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದಿಸಿದ್ದುದು ಈ ಗಟಾಪರ್ಚವನ್ನೇ.

ಉಪಸಂಹಾರ

ಮಂಗಳೂರಿನ ತೈಲ ಸಂಸ್ಕರಣಾಗಾರದಲ್ಲಿ ಪೆಟ್ರೋಲೂ ತಯಾರಾಗುತ್ತದೆ, ಪಾಲಿಪ್ರೊಪಿಲೀನೂ ತಯಾರಾಗುತ್ತದೆ. ಒಂದೇ ಕಲ್ಲೆಣ್ಣೆಯ ಒಂದು ಭಾಗ ಕೆಲವು ದಿನಗಳಲ್ಲಿ ಉರಿದು ಇಂಗಾಲಾಮ್ಲವಾಗುತ್ತದೆ. ಇನ್ನೊಂದು ಭಾಗ, ಕೇವಲ ಇಂಗಾಲದ ಸರಪಣಿಯನ್ನು ಕಡಿಯಬಲ್ಲ ಜೀವಾಣುಗಳು ವಿರಳವಾದುದರಿಂದ, ತಲೆಮಾರುಗಳವರೆಗೆ ಮಣ್ಣಿನಲ್ಲಿ ಉಳಿಯುತ್ತದೆ. ಈ ವಸ್ತುಗಳನ್ನು ಕರಗಿಸಿ ಮತ್ತೆ ಬಳಸಬಹುದು. ಆದರೆ ಪಾಲಿಈಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳು ಕರಗಿದಾಗಲೂ ಒಂದರಲ್ಲೊಂದು ಬೆರೆಯದೆ, ಆರಿದಮೇಲೆ ಮುರುಕಲಾಗುತ್ತವೆ. ಆದುದರಿಂದ ಅವನ್ನು ಮೊದಲು ಬೇರ್ಪಡಿಸಬೇಕು. ಪದಾರ್ಥಗಳ ತಳದಲ್ಲಿ ತ್ರಿಕೋನದೊಳಗೆ ಅಚ್ಚೊತ್ತಿರುವ ಅಂಕೆಗಳು ಇದಕ್ಕಾಗಿಯೇ ಇವೆ: ೨ ಎಂದರೆ ಕವಲಿಲ್ಲದ ಪಾಲಿಈಥಿಲೀನ್, ೪ ಕವಲುಳ್ಳದ್ದು, ೫ ಪಾಲಿಪ್ರೊಪಿಲೀನ್.

ಹೆಸರಿಡುವ ನಿಯಮಗಳನ್ನು ಕಂಠಪಾಠ ಮಾಡಿಸುವುದರಿಂದಲೇ ನಮ್ಮ ತರಗತಿಗಳಲ್ಲಿ ಹೈಡ್ರೊಕಾರ್ಬನ್ನುಗಳ ಪಾಠ ಬಹುಮಟ್ಟಿಗೆ ಆರಂಭವಾಗುತ್ತದೆ. ಅದಕ್ಕೆ ಮೊದಲು ಅಧ್ಯಾಪಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ತೋರಿಸಬಹುದು. ಎಥೈಲ್ ಆಲ್ಕೊಹಾಲು ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರಸಿದರೆ ಮಿಶ್ರಣದ ಸಾಂದ್ರತೆ ಸುಮಾರು ೦.೯೩ ಆಗುತ್ತದೆ. ೪ರ ಗುರುತಿನ ಚೀಲದಿಂದ ಒಂದು ಚೂರನ್ನೂ ೨ರ ಗುರುತಿನ ಸೀಸೆಯಿಂದ ಒಂದು ಚೂರನ್ನೂ ಕತ್ತರಿಸಿ, ಗಾಳಿಯ ಗುಳ್ಳೆಗಳು ಅಂಟಿಕೊಳ್ಳದಂತೆ ಒದ್ದೆಮಾಡಿ, ಅದರಲ್ಲಿ ಹಾಕಬೇಕು. ಬರಿಯ ನೀರಿನಲ್ಲಿ ಎರಡೂ ತೇಲುವುವು. ಈ ಮಿಶ್ರಣದಲ್ಲಿ ಕವಲುಳ್ಳದ್ದು ತೇಲುತ್ತದೆ, ಕವಲಿಲ್ಲದ್ದು ಮುಳುಗುತ್ತದೆ. ಎರಡು ಚೂರುಗಳ ಧಾತುಗಳೂ ಒಂದೇ, ಅವುಗಳ ಪ್ರಮಾಣವೂ ಒಂದೇ ಎಂದು ಹೇಳಿ, ಕಾರಣವನ್ನು ವಿದ್ಯಾರ್ಥಿಗಳನ್ನೇ ಕೇಳುವುದು ಲೇಸು.